ದ್ರಾಕ್ಷಿ ನಾಡಿನ ಸಾಕುನಾಯಿಗಳು: ದನದ ದವಾಖಾನೆಯ ಬಾಗಿಲಲ್ಲಿ ಹೊಸ ರೋಗಿಗಳು

ವಿಜಯಪುರ: ನಗರದ ಹೊಸ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್ ತಳಿಯ ನಾಯಿಗಳನ್ನು ಸರಪಳಿ ಹಿಡಿದು ಕರೆದೊಯ್ಯುವವರು ಕಾಣಸಿಗುವುದು ಈಗ ಅಪರೂಪದ ಸಂಗತಿಯೇನಲ್ಲ. ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಸಾಗಿದರೆ ಸಿಗುವ ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ, ಜಮಖಂಡಿ ರಸ್ತೆಯ ಬಬಲೇಶ್ವರದ ಸುತ್ತಲಿನ ಕಬ್ಬಿನ ಗದ್ದೆಗಳ ನಡುವಿನ ವಸ್ತಿಗಳಲ್ಲಿ ಕಾವಲಿಗೆ ನಾಯಿ ಇಲ್ಲದ ಮನೆಯನ್ನು ಹುಡುಕುವುದು ಕಷ್ಟ. ನಗರದ ನಾಯಿ ಮನೆಯ ಸದಸ್ಯನಂತೆ ಬೆಳೆಯುತ್ತದೆ. ತೋಟದ ನಾಯಿ ದುಡಿಮೆಯ ಸಂಗಾತಿಯಾಗಿ ಬದುಕುತ್ತದೆ. ಆದರೆ ಕಾಯಿಲೆ ಬಿದ್ದಾಗ ಇವೆರಡರ ಪಾಡೂ ಹೆಚ್ಚು ಕಡಿಮೆ ಒಂದೇ ಆಗಿದೆ.

ಸಾಕುಪ್ರಾಣಿಗಳನ್ನು ಬಲಿ ತೆಗೆದುಕೊಳ್ಳುವ ರೋಗಗಳಲ್ಲಿ ಹೆಚ್ಚಿನವು ಹೊಸವಲ್ಲ, ನಿಗೂಢವೂ ಅಲ್ಲ. ಕೆಲವಕ್ಕೆ ಲಸಿಕೆ ಇದೆ, ಕೆಲವಕ್ಕೆ ಅಗ್ಗದ ಔಷಧವಿದೆ, ಇನ್ನು ಕೆಲವನ್ನು ಬರಿಯ ಎಚ್ಚರಿಕೆಯಿಂದಲೇ ದೂರವಿಡಬಹುದು. ಹಾಗಿದ್ದರೂ ಪ್ರಾಣಿಗಳು ಸಾಯುತ್ತಿರುವುದಕ್ಕೆ ಕಾರಣಗಳನ್ನು ಹುಡುಕಹೊರಟರೆ ಮೂರು ಅಂಶಗಳು ಎದ್ದು ಕಾಣುತ್ತವೆ. ದನಕರುಗಳನ್ನು ಗಮನದಲ್ಲಿಟ್ಟು ಕಟ್ಟಿದ ಚಿಕಿತ್ಸಾ ವ್ಯವಸ್ಥೆ ಮೊದಲನೆಯದು. ಸಾಕುವವರಲ್ಲಿನ ಮಾಹಿತಿಯ ಕೊರತೆ ಎರಡನೆಯದು. ಈ ನೆಲದ ಬೆಳೆ ಮತ್ತು ಹವೆಯೇ ತಂದೊಡ್ಡುವ, ಹೊರಗಿನ ಪುಸ್ತಕಗಳು ಒತ್ತಿ ಹೇಳದ ಅಪಾಯಗಳು ಮೂರನೆಯದು.

ದನಗಳಿಗಾಗಿ ಕಟ್ಟಿದ ವ್ಯವಸ್ಥೆ

ನಾಯಿ ಸಾಕುವುದು ಈ ಸೀಮೆಗೆ ಹೊಸತೇನಲ್ಲ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅವಿಭಜಿತ ವಿಜಾಪುರ ಜಿಲ್ಲೆಗೇ ಸೇರಿದ್ದ ಮುಧೋಳದ ಬೇಟೆ ನಾಯಿ ದೇಶಕ್ಕೆಲ್ಲ ಪರಿಚಿತ. 2005ರ ಜನವರಿಯಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಮೇಲೆ ಹೊರತಂದ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯೂ ಇತ್ತು. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ.

ಇಷ್ಟಾದರೂ ಸಾಮಾನ್ಯ ಮನೆಯೊಂದರ ನಾಯಿಗೆ ಜ್ವರ ಬಂದರೆ ಹೋಗಬೇಕಾದ ಜಾಗಕ್ಕೆ ಜನರ ಬಾಯಲ್ಲಿ ಇಂದಿಗೂ ಇರುವ ಹೆಸರು ‘ದನದ ದವಾಖಾನೆ’. ಆ ಹೆಸರೇ ವ್ಯವಸ್ಥೆಯ ಸ್ವರೂಪವನ್ನು ತಿಳಿಸುತ್ತದೆ. ಪಶುಪಾಲನಾ ಇಲಾಖೆಯ ಆಸ್ಪತ್ರೆ, ಚಿಕಿತ್ಸಾಲಯಗಳ ಮೊದಲ ಹೊಣೆ ಎತ್ತು, ಎಮ್ಮೆ, ಆಕಳು, ಕುರಿ, ಮೇಕೆಗಳದು. ಕಾಲುಬಾಯಿ ಬೇನೆಯ ಲಸಿಕೆ, ಕೃತಕ ಗರ್ಭಧಾರಣೆ, ಹೆರಿಗೆಯ ತೊಡಕು ಇವೇ ಅಲ್ಲಿನ ದೈನಂದಿನ ಕೆಲಸ. ಮನೆಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾಲಯಗಳ 1962 ಸಹಾಯವಾಣಿಯನ್ನು ರೂಪಿಸಿದ್ದು ಕೂಡ ಮುಖ್ಯವಾಗಿ ಜಾನುವಾರು ಸಾಕಣೆದಾರರಿಗಾಗಿ. ರೈತನ ಜೀವನಾಧಾರವಾದ ಜಾನುವಾರಿಗೆ ಆದ್ಯತೆ ಸಿಗುವುದು ನ್ಯಾಯವೇ ಸರಿ. ಆದರೆ ನಾಯಿ, ಬೆಕ್ಕುಗಳಿಗೆ ಬೇಕಾದುದು ಬೇರೆಯೇ ಬಗೆಯ ಸೌಲಭ್ಯ: ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎರಡು ಮೂರು ದಿನ ಸಲೈನ್ ಹಾಕಿ ನಿಗಾ ಇಡುವ ಒಳರೋಗಿ ವ್ಯವಸ್ಥೆ. ರೋಗದ ಗುರುತು ತಿಳಿದ ವೈದ್ಯರಿದ್ದರೂ ಈ ಸೌಲಭ್ಯಗಳಿಲ್ಲದೆ ಅವರ ಕೈ ಕಟ್ಟಿದಂತಾಗುತ್ತದೆ. ಜಿಲ್ಲಾ ಕೇಂದ್ರದಿಂದ ದೂರ ಸರಿದಷ್ಟೂ ಈ ಅಂತರ ಹೆಚ್ಚುತ್ತ ಹೋಗುತ್ತದೆ. ಆದ್ದರಿಂದಲೇ ತಿಕೋಟಾ, ಬಬಲೇಶ್ವರದಂಥ ತಾಲ್ಲೂಕುಗಳಲ್ಲಿ ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ನೋಡಿಕೊಳ್ಳುವುದಕ್ಕೆ ಹೆಚ್ಚಿನ ಬೆಲೆಯಿದೆ.

ಮರಿಗಳನ್ನು ಕೊಲ್ಲುವ ಪಾರ್ವೊ

ಮರಿ ತಂದು ವಾರ ಕಳೆಯುವಷ್ಟರಲ್ಲಿ ಅದು ಊಟ ಬಿಟ್ಟು ಮೂಲೆ ಸೇರುತ್ತದೆ. ವಾಂತಿ ಆರಂಭವಾಗುತ್ತದೆ, ಮರುದಿನ ದುರ್ವಾಸನೆಯ ರಕ್ತಭೇದಿ. ಮೂರು ನಾಲ್ಕು ದಿನಗಳಲ್ಲಿ ಮರಿ ಇಲ್ಲವಾಗುತ್ತದೆ. ಮರಿ ಸಾಕಿದ ಅನೇಕ ಮನೆಗಳಿಗೆ ಪರಿಚಿತವಾದ ಈ ದುಃಖದ ಹಿಂದೆ ಬಹುತೇಕ ಸಂದರ್ಭಗಳಲ್ಲಿ ಇರುವುದು ಪಾರ್ವೊ ವೈರಸ್. 1978ರಲ್ಲಿ ಗುರುತಿಸಲ್ಪಟ್ಟು ಕೆಲವೇ ವರ್ಷಗಳಲ್ಲಿ ಜಗತ್ತಿನಾದ್ಯಂತ ಹರಡಿದ ಈ ವೈರಸ್ ಆರು ವಾರದಿಂದ ಆರು ತಿಂಗಳ ಪ್ರಾಯದ ಮರಿಗಳನ್ನೇ ಹೆಚ್ಚಾಗಿ ಬಾಧಿಸುತ್ತದೆ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮರಿಗಳು ಸಾಯಬಹುದು. ಬೇಗನೆ ಸಲೈನ್ ಮತ್ತು ಪೂರಕ ಚಿಕಿತ್ಸೆ ದೊರೆತರೆ ಅಷ್ಟೇ ಪ್ರಮಾಣದ ಮರಿಗಳು ಉಳಿಯಲೂಬಹುದು. ಈ ವ್ಯತ್ಯಾಸವನ್ನು ನಿರ್ಧರಿಸುವುದು ಮೊದಲ ದಿನ ಕೈಗೊಳ್ಳುವ ಕ್ರಮ.

ಒಂದು ಇಂಜೆಕ್ಷನ್ ಹಾಕಿಸಿದ್ದರೂ ಮರಿ ಸತ್ತಿತು ಎಂಬ ದೂರು ಸಾಮಾನ್ಯ. ಇದಕ್ಕೆ ವೈಜ್ಞಾನಿಕ ಕಾರಣವಿದೆ. ತಾಯಿಯ ಮೊದಲ ಹಾಲಿನಿಂದ ಮರಿಗೆ ಬರುವ ಪ್ರತಿರೋಧಕ ಕಣಗಳು ಕೆಲವು ವಾರ ಅದನ್ನು ಕಾಪಾಡುತ್ತವೆ. ಅದೇ ಕಣಗಳು ಲಸಿಕೆಯನ್ನೂ ನಿಷ್ಫಲಗೊಳಿಸಬಲ್ಲವು. ಯಾವ ಮರಿಯಲ್ಲಿ ಅವು ಯಾವಾಗ ಕಡಿಮೆಯಾಗುತ್ತವೆ ಎಂದು ಮೊದಲೇ ಹೇಳಲಾಗದು. ಆದಕಾರಣವೇ ಆರರಿಂದ ಎಂಟನೇ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ, ಹದಿನಾರನೇ ವಾರದವರೆಗೆ ಲಸಿಕೆಯನ್ನು ಮರಳಿ ಮರಳಿ ಕೊಡಿಸಬೇಕಾಗುತ್ತದೆ. ಈ ಸರಣಿ ಮುಗಿಯುವವರೆಗೆ ಮರಿಯನ್ನು ಬೀದಿಗೆ, ಇತರ ನಾಯಿಗಳ ಸಂಪರ್ಕಕ್ಕೆ ಬಿಡಬಾರದು. ಇದೇ ಲಸಿಕೆ, ಕಣ್ಣು ಮೂಗಿನಿಂದ ಕೀವು ಸೋರಿ ಕೊನೆಗೆ ಮೈ ನಡುಗಿಸುವ ಡಿಸ್ಟೆಂಪರ್ ರೋಗದಿಂದಲೂ ರಕ್ಷಿಸುತ್ತದೆ. ಇಲಿಗಳ ಮೂತ್ರದಿಂದ ಹರಡಿ ಮನುಷ್ಯರನ್ನೂ ಬಾಧಿಸುವ ಲೆಪ್ಟೊಸ್ಪೈರೋಸಿಸ್‌ಗೆ ಲಸಿಕೆ ಸೇರಿದ ಸಂಯುಕ್ತ ಲಸಿಕೆಯನ್ನು ಹಾಕಿಸುವುದು, ನೀರಾವರಿಯಿಂದ ತೇವ ಆರದ ಕಬ್ಬಿನ ಗದ್ದೆಗಳಲ್ಲಿ ಓಡಾಡುವ ನಾಯಿಗಳಿಗೆ ವಿಶೇಷವಾಗಿ ಸೂಕ್ತ.

2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಿಂಗಳ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ತರುವವರಿಗೆ ಈ ನಿಯಮದ ಅರಿವಿರುವುದು ಅಪರೂಪ. ಪಾರ್ವೊದಿಂದ ಮರಿ ಸತ್ತ ಮನೆಗೆ ಕೂಡಲೇ ಇನ್ನೊಂದು ಮರಿ ತರುವುದು ಅದಕ್ಕಿಂತ ದೊಡ್ಡ ತಪ್ಪು. ಈ ವೈರಸ್ ನೆಲದಲ್ಲಿ, ಪಾತ್ರೆಯಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಮಾನ್ಯ ಫಿನಾಯಿಲ್ ಅದನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ತೊಳೆಯುವುದು ಪರಿಣಾಮಕಾರಿ.

ಉಣ್ಣಿ ಮತ್ತು ಬಿಸಿಲು

ಬೆಳೆದ ನಾಯಿಗಳ ದೊಡ್ಡ ಶತ್ರು ಉಣ್ಣಿ. ನಾಯಿಯ ಮೈಮೇಲೆ ಕಾಣುವ ಉಣ್ಣಿಗಳು ಒಟ್ಟು ಸಂಖ್ಯೆಯ ಸಣ್ಣ ಪಾಲು ಮಾತ್ರ. ರಕ್ತ ಕುಡಿದು ಉದುರಿದ ಹೆಣ್ಣು ಉಣ್ಣಿ ಗೋಡೆಯ ಬಿರುಕು, ಹಾಸುಗಲ್ಲಿನ ಸಂದುಗಳಲ್ಲಿ ಸೇರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಬೆಚ್ಚಗಿನ ಹವೆಯಲ್ಲಿ ಇದರ ಸಂತತಿ ವರ್ಷವಿಡೀ ಬೆಳೆಯಬಲ್ಲದು. ಕಲ್ಲು, ಮಣ್ಣಿನ ಗೋಡೆಯ ಹಳೆಯ ಮನೆಗಳೂ ತೋಟದ ಕೊಟ್ಟಿಗೆಗಳೂ ಇದಕ್ಕೆ ಹೇಳಿ ಮಾಡಿಸಿದ ತಾಣಗಳು. ನಾಯಿಗೆ ಔಷಧ ಹಚ್ಚಿ ನೆಲ, ಗೋಡೆಗಳನ್ನು ಮರೆತರೆ ಹದಿನೈದು ದಿನಗಳಲ್ಲಿ ಪರಿಸ್ಥಿತಿ ಮೊದಲಿನಂತೆಯೇ ಆಗುವುದು ಇದೇ ಕಾರಣಕ್ಕೆ.

ಉಣ್ಣಿ ತರುವ ಎರ್ಲಿಕಿಯಾ, ಬಬೇಸಿಯಾ ರೋಗಗಳಲ್ಲಿ ಜ್ವರ, ಊಟ ಬಿಡುವುದು, ಒಸಡು ಬಿಳಚಿಕೊಳ್ಳುವುದು, ಮೂಗಿನಿಂದ ರಕ್ತ ಒಸರುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು ಮುಖ್ಯ ಲಕ್ಷಣಗಳು. ಆರಂಭದಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ಚಿಕಿತ್ಸೆ ಕಷ್ಟವಲ್ಲ, ದುಬಾರಿಯೂ ಅಲ್ಲ. ತೊಂದರೆ ಬರುವುದು ಮನೆಮದ್ದಿನಿಂದ. ಸೀಮೆಎಣ್ಣೆ ಸವರುವುದು, ದನಗಳ ಮೈಗೆ ಹಚ್ಚುವ ಉಣ್ಣಿನಾಶಕವನ್ನು ಅಂದಾಜಿನ ಮೇಲೆ ನಾಯಿಗೆ ಸುರಿಯುವುದು, ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನೇ ಬಳಸುವುದು ಪ್ರಾಣಕ್ಕೆ ಎರವಾಗುತ್ತದೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವುದರಿಂದ ಹಚ್ಚಿದ ವಿಷ ಹೊಟ್ಟೆ ಸೇರುತ್ತದೆ. ಜೊಲ್ಲು ಸುರಿದು, ಮೈ ಅದುರಿ, ಉಸಿರಾಟ ಕಟ್ಟುವ ಈ ಸ್ಥಿತಿಯಲ್ಲಿ ಆಸ್ಪತ್ರೆ ತಲುಪಲು ಗಂಟೆಗಳ ಅವಕಾಶವಷ್ಟೇ ಇರುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಜಿಲ್ಲೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ನಾಯಿಯ ಸಹಜ ದೇಹೋಷ್ಣತೆ 38ರಿಂದ 39 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮನುಷ್ಯರಂತೆ ಅದು ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಮುಖ್ಯ ತಂಪಿನ ವ್ಯವಸ್ಥೆ. ಹಾಗಾಗಿ ಚಪ್ಪಟೆ ಮೂಗಿನ ಪಗ್, ದಪ್ಪ ತುಪ್ಪಳದ ಹಸ್ಕಿ ಈ ಬಯಲುಸೀಮೆಗೆ ಹೊಂದದ ತಳಿಗಳು. ದೇಹೋಷ್ಣತೆ 41 ಡಿಗ್ರಿ ದಾಟಿದರೆ ಜೀವಕ್ಕೆ ಅಪಾಯ. ನಾಯಿ ತೂರಾಡಿ ಬಿದ್ದರೆ ನೆರಳಿಗೆ ತಂದು, ಸಾಮಾನ್ಯ ತಂಪಿನ ನೀರನ್ನು ಮೈಮೇಲೆ ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ತಗಡಿನ ಶೆಡ್ಡಿನಲ್ಲಿ ಕಟ್ಟಿಹಾಕುವುದು, ಮಧ್ಯಾಹ್ನ ಕಾದ ಡಾಂಬರು ರಸ್ತೆಯಲ್ಲಿ ನಡೆಸುವುದು, ಕಿಟಕಿ ಮುಚ್ಚಿದ ಕಾರಿನಲ್ಲಿ ಬಿಟ್ಟುಹೋಗುವುದು ಈ ದುರಂತಕ್ಕೆ ಮಾಡಿಕೊಡುವ ಆಹ್ವಾನ.

ಒಣದ್ರಾಕ್ಷಿಯೆಂಬ ಅರಿಯದ ವಿಷ

ರಾಜ್ಯದಲ್ಲಿ ಒಣದ್ರಾಕ್ಷಿ ಎಂದರೆ ಮೊದಲು ನೆನಪಾಗುವುದು ವಿಜಯಪುರ ಜಿಲ್ಲೆ. ಜಿಲ್ಲೆಯೊಳಗೆ ತಿಕೋಟಾ ಭಾಗದ ಹೆಸರು ಮುಂಚೂಣಿಯಲ್ಲಿದೆ. ಬೇಸಿಗೆಯ ಕಟಾವಿನ ಕಾಲದಲ್ಲಿ ಹಸಿರು ಬಲೆ ಹೊದೆಸಿದ ಸಾಲು ಸಾಲು ಶೆಡ್ಡುಗಳಲ್ಲಿ ಹಣ್ಣು ಒಣಗುತ್ತದೆ. ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗಳಿಗೆ ಹೋಗುವ ಈ ಮಾಲಿಗೆ ರಾತ್ರಿಯೆಲ್ಲ ಕಾವಲಿರುವುದು ತೋಟದ ನಾಯಿಯೇ. ಅದೇ ನಾಯಿಗೆ ದ್ರಾಕ್ಷಿ ಮತ್ತು ಒಣದ್ರಾಕ್ಷಿ ವಿಷ ಎಂಬ ಸಂಗತಿ ಬಹುಪಾಲು ಬೆಳೆಗಾರರಿಗೆ ತಿಳಿದಂತಿಲ್ಲ.

ದ್ರಾಕ್ಷಿ ತಿಂದ ನಾಯಿಗಳಲ್ಲಿ ಮೂತ್ರಪಿಂಡ ವೈಫಲ್ಯ ಕಾಣಿಸಿಕೊಳ್ಳುತ್ತಿರುವ ಬಗ್ಗೆ ಅಮೆರಿಕದ ಪ್ರಾಣಿ ವಿಷಚಿಕಿತ್ಸಾ ತಜ್ಞರು 2001ರಲ್ಲಿ ಪಶುವೈದ್ಯಕೀಯ ಪತ್ರಿಕೆಯೊಂದರಲ್ಲಿ ಎಚ್ಚರಿಸಿದ್ದರು. ಕಾರಣ ಮಾತ್ರ ಎರಡು ದಶಕ ಒಗಟಾಗಿಯೇ ಉಳಿದಿತ್ತು. ಕೇಕಿಗೆ ಬಳಸುವ ಟಾರ್ಟರ್ ಪುಡಿ ಬೆರೆಸಿದ ಹಿಟ್ಟನ್ನು ತಿಂದ ನಾಯಿಯಲ್ಲೂ ಅದೇ ಲಕ್ಷಣಗಳು ಕಂಡುಬಂದಾಗ, ದ್ರಾಕ್ಷಿಯಲ್ಲಿ ಹೇರಳವಾಗಿರುವ ಟಾರ್ಟಾರಿಕ್ ಆಮ್ಲವೇ ದೋಷಿಯಿರಬೇಕೆಂಬ ತರ್ಕವನ್ನು 2021ರಲ್ಲಿ ಅಲ್ಲಿನ ತಜ್ಞರು ಮುಂದಿಟ್ಟರು. ಈಗ ಇದೇ ಹೆಚ್ಚು ಒಪ್ಪಿತವಾದ ವಿವರಣೆ. ಹುಣಸೆಹಣ್ಣಿನಲ್ಲೂ ಇದೇ ಆಮ್ಲವಿರುವುದು ಉತ್ತರ ಕರ್ನಾಟಕದ ಅಡುಗೆಮನೆಗಳು ಗಮನಿಸಬೇಕಾದ ಅಂಶ.

‘ನಮ್ಮ ನಾಯಿ ವರ್ಷಗಳಿಂದ ತಿನ್ನುತ್ತಿದೆ, ಏನೂ ಆಗಿಲ್ಲ’ ಎಂಬ ಮಾತು ತೋಟಗಳಲ್ಲಿ ಕೇಳಿಬಂದರೆ ಅದು ಸುಳ್ಳಾಗಿರಬೇಕಿಲ್ಲ. ಆಮ್ಲದ ಪ್ರಮಾಣ ತಳಿಯಿಂದ ತಳಿಗೆ, ಹಣ್ಣಿನ ಪಕ್ವತೆಗೆ ತಕ್ಕಂತೆ ಬದಲಾಗುತ್ತದೆ. ನಾಯಿಗಳ ಸಹಿಷ್ಣುತೆಯೂ ಒಂದೇ ತೆರನಾಗಿಲ್ಲ. ಕಳೆದ ವರ್ಷ ತಿಂದು ಬದುಕಿದ ನಾಯಿ ಈ ವರ್ಷವೂ ಬದುಕುತ್ತದೆಂಬ ಖಾತರಿ ಹಾಗಾಗಿಯೇ ಇಲ್ಲ. ದೇಹತೂಕದ ಪ್ರತಿ ಕಿಲೋಗೆ ಸುಮಾರು 20 ಗ್ರಾಂ ಹಸಿ ದ್ರಾಕ್ಷಿ ಅಥವಾ ಸುಮಾರು 3 ಗ್ರಾಂ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ ಮಾಡಿದ ಉದಾಹರಣೆಗಳಿವೆ. ನಾಲ್ಕು ಕಿಲೋ ಹಣ್ಣು ಒಣಗಿ ಸರಿಸುಮಾರು ಒಂದು ಕಿಲೋ ಒಣದ್ರಾಕ್ಷಿಯಾಗುವುದರಿಂದ ಅದರಲ್ಲಿ ಅಪಾಯವೂ ಸಾಂದ್ರಗೊಂಡಿರುತ್ತದೆ. ಹತ್ತು ಕಿಲೋ ತೂಕದ ನಾಯಿಗೆ ಒಂದು ಹಿಡಿ ಒಣದ್ರಾಕ್ಷಿ ಸಾಕು.

ಮೊದಲ ಲಕ್ಷಣವಾದ ವಾಂತಿ ಸಾಮಾನ್ಯವಾಗಿ ತಿಂದ ದಿನವೇ ಕಾಣಿಸಿಕೊಳ್ಳುತ್ತದೆ. ಮಂಕುತನ, ಊಟ ಬಿಡುವುದು ಅದರ ಬೆನ್ನಿಗೇ ಬರುತ್ತವೆ. ಒಂದರಿಂದ ಮೂರು ದಿನಗಳಲ್ಲಿ ಮೂತ್ರ ಕಡಿಮೆಯಾಗಿ ನಿಂತೇ ಹೋಗಬಹುದು. ಇದಕ್ಕೆ ಪ್ರತ್ಯೌಷಧವಿಲ್ಲ. ತಿಂದ ಒಂದೆರಡು ಗಂಟೆಯೊಳಗೆ ಪಶುವೈದ್ಯರು ವಾಂತಿ ಮಾಡಿಸಿ, ಎರಡು ಮೂರು ದಿನ ಸಲೈನ್ ಕೊಟ್ಟರೆ ಉಳಿವಿನ ಸಾಧ್ಯತೆ ಹೆಚ್ಚು. ಔಷಧ ಸಿಂಪಡಣೆ, ಹಾವು, ಇಲಿ ಪಾಷಾಣ ಎಲ್ಲವೂ ಇರುವ ತೋಟದಲ್ಲಿ ನಾಯಿ ಸತ್ತರೆ ಶಂಕೆ ಆ ಕಡೆಗೇ ಹೋಗುವುದು ಸಹಜ. ಹೀಗಾಗಿ ನಿಜವಾದ ಕಾರಣ ಬೆಳಕಿಗೆ ಬಾರದೇ ಉಳಿಯುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ನಗರದ ಮನೆಗಳಲ್ಲಿ ಹುಗ್ಗಿ, ಶಿರಾ, ಲಾಡುಗಳ ಮೂಲಕ ಇದೇ ವಿಷ ಪ್ರೀತಿಯ ತುತ್ತಾಗಿ ನಾಯಿಯ ಬಾಯಿ ಸೇರುತ್ತದೆ.

ಮನೆಯ ಊಟ, ಮನೆಯ ಮಾತ್ರೆ

ಜಿಲ್ಲೆಯ ಮತ್ತೊಂದು ಪ್ರಮುಖ ಬೆಳೆಯಾದ ಉಳ್ಳಾಗಡ್ಡಿಯೂ ನಾಯಿ, ಬೆಕ್ಕುಗಳಿಗೆ ಹೊಂದದು. ಹಸಿಯಾಗಿರಲಿ, ಬೇಯಿಸಿದ್ದಿರಲಿ, ಅದು ರಕ್ತದ ಕೆಂಪುಕಣಗಳನ್ನು ನಾಶಪಡಿಸುತ್ತದೆ. ಬೆಳ್ಳುಳ್ಳಿಯದೂ ಅದೇ ಕಥೆ. ಚಾಕೊಲೇಟ್ ಕೂಡ ಅವುಗಳಿಗೆ ಹೊಂದದು. ಜೋಳದ ರೊಟ್ಟಿ, ಹಾಲು ಈ ಭಾಗದ ನಾಯಿಗಳ ಪರಂಪರಾಗತ ಆಹಾರ. ಬೆಳೆದ ನಾಯಿ ಇದರ ಜೊತೆಗೆ ಬೇರೆಡೆಯಿಂದ ಮಾಂಸ, ಮೂಳೆ ಸಂಪಾದಿಸಿಕೊಳ್ಳುತ್ತಿತ್ತು. ಗೇಟಿನೊಳಗೆ ಕಟ್ಟಿಹಾಕಿದ ಮರಿಗೆ ಕೇವಲ ರೊಟ್ಟಿ, ಹಾಲು ಕೊಟ್ಟರೆ ಸಸಾರಜನಕ ಮತ್ತು ಸುಣ್ಣದಂಶದ ಕೊರತೆಯಿಂದ ಕಾಲು ಸೊಟ್ಟಗಾಗುತ್ತವೆ. ಮೊಟ್ಟೆ ಅಥವಾ ಬೇಯಿಸಿದ ಮಾಂಸ ಸೇರಿಸುವುದು ಸುಲಭದ ಪರಿಹಾರ. ಬೇಯಿಸಿದ ಮೂಳೆ ಮಾತ್ರ ಚೂಪಾಗಿ ಸೀಳುವುದರಿಂದ ಬೇಡ. ಬೆಕ್ಕು ಮಾಂಸಾಹಾರವಿಲ್ಲದೆ ಆರೋಗ್ಯವಾಗಿರಲಾರದು.

ಜ್ವರ ಬಂದ ಬೆಕ್ಕಿಗೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡುವುದು ಅದನ್ನು ಕೊಂದಂತೆಯೇ. 500 ಮಿ.ಗ್ರಾಂ.ನ ಒಂದು ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ನಾಯಿಯ ಜಠರ, ಮೂತ್ರಪಿಂಡಗಳನ್ನು ಕೆಡಿಸುತ್ತವೆ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಉಳ್ಳ ಉಣ್ಣಿ ಔಷಧ ಬೆಕ್ಕಿಗೆ ವಿಷ. ಜಂತುಹುಳುವಿನ ಔಷಧವನ್ನು ಮರಿಗಳಿಗೆ ಎರಡು ಮೂರನೇ ವಾರದಿಂದಲೇ ಆರಂಭಿಸಿ, ಬೆಳೆದ ಮೇಲೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ಈ ಹುಳುಗಳ ಮೊಟ್ಟೆ ಅಂಗಳದಲ್ಲಿ ಆಡುವ ಮಕ್ಕಳ ಹೊಟ್ಟೆಯನ್ನೂ ಸೇರಬಲ್ಲದು. ಸಂತಾನಹರಣ ಮಾಡಿಸದ ಪ್ರಾಯ ಕಳೆದ ಹೆಣ್ಣುನಾಯಿ ಬೆದೆಯ ಒಂದೆರಡು ತಿಂಗಳ ನಂತರ ಅತಿಯಾಗಿ ನೀರು ಕುಡಿಯತೊಡಗಿದರೆ ಗರ್ಭಕೋಶದಲ್ಲಿ ಕೀವು ತುಂಬಿದ ಶಂಕೆಯಿಂದ ತಡಮಾಡದೆ ತೋರಿಸಬೇಕು.

ರೇಬಿಸ್: ಗೇಟಿನಾಚೆಯ ಪ್ರಶ್ನೆ

ಉಳಿದೆಲ್ಲ ರೋಗಗಳಲ್ಲಿ ನಷ್ಟ ಸಾಕುಪ್ರಾಣಿಯದು ಮತ್ತು ಅದರ ಮನೆಯವರದು. ರೇಬಿಸ್ ಹಾಗಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುಳಿಯುವುದು ಇಲ್ಲವೆಂಬಷ್ಟು ಅಪರೂಪ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು 15 ರಾಜ್ಯಗಳಲ್ಲಿ 2022 ಮತ್ತು 2023ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ಇದಕ್ಕೆ ಬಲಿಯಾಗುತ್ತಾರೆ. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮಾನವ ರೇಬಿಸ್ ಅನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. 2030ರೊಳಗೆ ನಾಯಿಯಿಂದ ಹರಡುವ ರೇಬಿಸ್ ನಿರ್ಮೂಲನೆಯ ಗುರಿಯುಳ್ಳ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 28ರಂದು ಪ್ರಕಟಿಸಿತ್ತು. ಪ್ರದೇಶವೊಂದರ ಶೇ 70ರಷ್ಟು ನಾಯಿಗಳಿಗೆ ಲಸಿಕೆಯಾದರೆ ಸೋಂಕಿನ ಸರಪಳಿ ತುಂಡಾಗುತ್ತದೆ ಎಂಬುದು ಇದರ ಹಿಂದಿನ ತತ್ವ.

ಬೀದಿನಾಯಿಗಳ ವಿಷಯ 2025ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳಿಂದಾಗಿ ದೇಶದಾದ್ಯಂತ ಚರ್ಚೆಗೆ ಬಂದಿತು. ಸಂತಾನಹರಣ ಮತ್ತು ಲಸಿಕೆಯ ನಂತರ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬಿಸ್ ಪೀಡಿತ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದು ಆಗಸ್ಟ್ 22ರಂದು ಹೇಳಿದ ನ್ಯಾಯಾಲಯ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಲು ನವೆಂಬರ್ 7ರಂದು ಆದೇಶಿಸಿತು. ಈ ಚರ್ಚೆಯ ಗದ್ದಲದಲ್ಲಿ ಸಾಕಿದವರ ಹೊಣೆ ಮರೆಗೆ ಸರಿದಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಯದಾದರೆ, ಸಾಕುನಾಯಿಯ ಲಸಿಕೆ, ಜಂತುನಾಶಕ, ಸಂತಾನಹರಣದ ಹೊಣೆ ಮಾಲೀಕನದು. ಮನೆಯಲ್ಲಿ ಉಂಡು ಊರೆಲ್ಲ ಸುತ್ತುವ, ಯಾರ ಲೆಕ್ಕಕ್ಕೂ ಸಿಗದ ನಾಯಿಗಳೇ ನಮ್ಮ ಊರುಗಳಲ್ಲಿ ಹೆಚ್ಚು. ಬೇಡವಾದ ಮರಿಗಳನ್ನು ರಾತ್ರೋರಾತ್ರಿ ಊರಾಚೆ ಬಿಟ್ಟುಬರುವ ರೂಢಿಯೂ ಬೀದಿನಾಯಿಗಳ ಸಂಖ್ಯೆಗೆ ಸೇರಿಸುತ್ತದೆ.

ಸಾಕುನಾಯಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ, ವೈದ್ಯರು ಹೇಳಿದಂತೆ ಬಲವರ್ಧಕ, ಆಮೇಲೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು. ನಾಯಿ ಕಚ್ಚಿದರೆ ಗಾಯಕ್ಕೆ ಖಾರದ ಪುಡಿ, ಸುಣ್ಣ, ಎಣ್ಣೆ ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಅವಶ್ಯ. ‘ನಮ್ಮದೇ ನಾಯಿ’ ಎಂಬ ಸಲುಗೆಯಿಂದ ಮಕ್ಕಳ ಗಾಯವನ್ನು ಕಡೆಗಣಿಸುವುದು ಅಕ್ಷಮ್ಯ.

ಆಗಬೇಕಾದುದು

ಇದಕ್ಕೆ ದೊಡ್ಡ ಬಜೆಟ್ಟಿನ ಯೋಜನೆಗಳೇ ಬೇಕೆಂದಿಲ್ಲ. ಪಶುಪಾಲನಾ ಇಲಾಖೆ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುತ್ತಮುತ್ತ ನಡೆಸುವ ಉಚಿತ ಲಸಿಕಾ ಶಿಬಿರಗಳು ತಾಲ್ಲೂಕು ಕೇಂದ್ರದಲ್ಲೇ ನಿಲ್ಲದೆ ತೋಟದ ವಸ್ತಿಗಳವರೆಗೆ ತಲುಪಬೇಕು. ನಾಯಿ ತನ್ನ ಕಾಲ ಮೇಲೆ ಶಿಬಿರಕ್ಕೆ ಬರುವುದಿಲ್ಲ. ಬೈಕಿನ ಮೇಲೆ ಕೂರಿಸಿ ತರುವುದೂ ಎಲ್ಲರಿಗೆ ಸಾಧ್ಯವಿಲ್ಲ. ಬೇಸಿಗೆಯ ಕಟಾವಿಗೆ ಮುನ್ನ ದ್ರಾಕ್ಷಿ ಬೆಳೆಗಾರರಿಗೆ ನೀಡುವ ತೋಟಗಾರಿಕಾ ಸಲಹೆಗಳಲ್ಲಿ ಕಾವಲುನಾಯಿಯ ಕುರಿತ ಎರಡು ಸಾಲಿನ ಎಚ್ಚರಿಕೆ ಸೇರಿದರೆ ಖರ್ಚೇನೂ ಇಲ್ಲ. ಜಿಲ್ಲಾ ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಸಣ್ಣ ಪ್ರಾಣಿಗಳಿಗೆ ಪ್ರತ್ಯೇಕ ವೇಳೆ ಮತ್ತು ರಕ್ತ ಪರೀಕ್ಷೆಯ ಸೌಲಭ್ಯ ದೊರೆತರೆ ಮೂರೂ ತಾಲ್ಲೂಕುಗಳ ಜನ ಅದರ ಪ್ರಯೋಜನ ಪಡೆಯುತ್ತಾರೆ.

ಮನೆಯವರ ಪಾಲಿನ ಕೆಲಸ ಇದಕ್ಕಿಂತ ಸರಳ. ಲಸಿಕೆಯ ಕಾರ್ಡನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡುವುದು, ವಾರಕ್ಕೊಮ್ಮೆ ಕಿವಿಯ ಒಳಗೆ, ಬೆರಳಿನ ಸಂದುಗಳಲ್ಲಿ ಉಣ್ಣಿ ಹುಡುಕುವುದು, ನೆರಳಿನಲ್ಲಿ ಸದಾ ನೀರಿಡುವುದು, ಒಂದು ಹೊತ್ತು ಊಟ ಬಿಟ್ಟರೂ ಗಮನಿಸುವುದು. ರಾತ್ರಿಯೆಲ್ಲ ಎಚ್ಚರವಿದ್ದು ಒಣದ್ರಾಕ್ಷಿಯ ಶೆಡ್ಡು ಕಾಯುವ ಪ್ರಾಣಿಗೆ ಅದೇ ಒಣದ್ರಾಕ್ಷಿಯಿಂದ ಕಾವಲು ಒದಗಿಸುವುದು ತೋಟದ ಯಜಮಾನನಿಗೆ ಭಾರವಾಗಲಾರದು.